ಅಮ್ಮ ಬಿಟ್ಟುಹೋದ ಫ್ರಿಜ್

"ನಿನ್ನ ಕೈ ಹಿಡಿಯೋಕೆ ನಿಮ್ಮ ಫ್ರಿಜ್ ಕೊಂದೋನು ನಾನೇ ಅಂತ ಒಪ್ಕೋಬೇಕಾ?" ಮೆಟ್ಟಿಲ ಮೇಲೆ ನಿಂತು ರಮ್ಜಿ ನಕ್ಕ.

ಶಹಿಂದಾ ಅವನ ಕಾಲರ್ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. "ಒಂದೇ ಒಂದು ಸುಳ್ಳು ಕಣೋ. ಅಪ್ಪನ ಸಿಟ್ಟು ಇಳಿದ್ರೆ ಸಾಕು. ನಂಗೋಸ್ಕರ ಅಷ್ಟೂ ಮಾಡಲ್ವಾ?"

ಅಲೆಕ್ಸಾಂಡ್ರಿಯಾದ ಆ ಹಳೇ ಕಟ್ಟಡದ ಮೇಲಿನ ಮನೆಗೆ ರಮ್ಜಿ ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ಕೆಳಗಿನ ಮನೆಯಲ್ಲಿದ್ದ ಶಹಿಂದಾಳ ಅಪ್ಪ ಸಾಮಾನು ಸಮೇತ ಕೊಟ್ಟ ಮನೆ. ಅದರಲ್ಲಿ ಶಹಿಂದಾಳ ತೀರಿಹೋದ ತಾಯಿಯ ಮೂವತ್ತು ವರ್ಷದ ಫ್ರಿಜ್ಜೂ ಒಂದು. ಹೋದ ತಿಂಗಳು ಅದು ಗೊರಗೊರ ಎಂದು ನಿಂತೇ ಹೋಯಿತು.

"ನಾನು ಕೆಡಿಸಿದ್ರೆ ಹೊಸದು ತಂದಿಡ್ತೀನಿ, ಹಾಜಿಗಳೇ. ವಯಸ್ಸಾಗಿ ಸತ್ರೆ ನಾನೇನ್ ಮಾಡ್ಲಿ?" ಎಂದಿದ್ದ ರಮ್ಜಿ.

"ನನ್ನ ಹೆಂಡತಿ ಕೈಲಿ ಒಂದು ದಿನಾನೂ ಕೆಡದೇ ಇದ್ದದ್ದು ನಿನ್ನ ಕೈಗೆ ಬಂದು ಕೆಡ್ತಾ?" ಎಂದು ಶಹಿಂದಾಳ ಅಪ್ಪ ಹಾಜಿ ವಗ್ದಿ ಬೀದಿಗೆಲ್ಲ ಕೇಳುವಂತೆ ಹಾರಾಡಿದ್ದರು. ಹಡಗಿನ ಕೆಲಸ ಮಾಡಿದವರು, ಹೆಂಡತಿಯ ಜೊತೆ ಇದ್ದದ್ದೇ ಕಡಿಮೆ.

ಶಹಿಂದಾಳಿಗೆ ಎಲ್ಲ ಗೊತ್ತಿತ್ತು. ಅಮ್ಮ ಗಂಡನಿಗೆ ತಿಳಿಯದಂತೆ ಎರಡು ಸಲ ಮೋಟಾರು ರಿಪೇರಿ ಮಾಡಿಸಿದ್ದಳು. ಅಪ್ಪನ ಮುಂದೆ ಅದನ್ನು ಹೇಳಲು ಇವಳಿಗೆ ಬಾಯಿ ಬರಲಿಲ್ಲ, ರಮ್ಜಿಗೂ ಹೇಳಲಿಲ್ಲ. ಹುಚ್ಚು ಹುಡುಗಿ! ಪ್ರೀತಿ ಇದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದಳು.

ಗುರುವಾರ ಸಂಜೆ ರಮ್ಜಿ ಸಿಹಿಯ ಡಬ್ಬಿ ಹಿಡಿದು ಹೆಣ್ಣು ಕೇಳಲು ಬಂದ. ತಲೆ ತಗ್ಗಿಸಿ, "ಫ್ರಿಜ್ ಹಾಳಾಗಿದ್ದು ನನ್ನಿಂದಲೇ" ಎಂದ. ಅವನ ಕಿವಿ ಕೆಂಪಾದದ್ದು ಕಂಡು ಅವಳಿಗೆ ಮುದ್ದು ಉಕ್ಕಿತು.

ಹಾಜಿ ಡಬ್ಬಿ ಮುಟ್ಟಲಿಲ್ಲ. "ತಿಂಗಳು ಪೂರ್ತಿ ಇಲ್ಲ ಅಂದೆ, ಇವತ್ತು ಹೌದು ಅಂತೀಯ. ನಾಳೆ ನಮ್ಮ ಪದ್ಧತಿ ಪ್ರಕಾರ ಗಂಡಾದೋನು ನನ್ನ ಮಗಳ ಮದುವೆ ಸಾಮಾನಿನ ಪಟ್ಟಿಗೆ ಸಹಿ ಹಾಕಿ, ಎಲ್ಲದಕ್ಕೂ ನಾನೇ ಹೊಣೆ ಅನ್ಬೇಕಲ್ಲ, ಅದನ್ನ ಯಾವ ನಾಲಿಗೇಲಿ ಅಂತೀಯಪ್ಪ? ಎದ್ದೇಳು."

ಶಹಿಂದಾ ಇಬ್ಬರ ನಡುವೆ ಬಂದು ನಿಂತಳು. "ಅಪ್ಪಾ, ಅವನ ತಪ್ಪಿಲ್ಲ! ಅಮ್ಮ ಅದನ್ನ ಎರಡು ಸಲ ರಿಪೇರಿ ಮಾಡಿಸಿದ್ಲು. ಮೆಕ್ಯಾನಿಕ್‌ನ ಕರ್ಕೊಂಡು ಬಂದಿದ್ದೇ ನಾನು. ಸುಳ್ಳು ಹೇಳು ಅಂದೋಳೂ ನಾನೇ."

ಹಾಜಿ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, "ಹಾಗಾದ್ರೆ ತಪ್ಪು ನಂದೇ. ಕೂತ್ಕೋ ಮಗನೇ, ಪಟ್ಟಿ ಬರೆಯೋಣ" ಎಂದರು.

ರಮ್ಜಿ ಕೂರಲಿಲ್ಲ. ಅವಳನ್ನೇ ನೋಡುತ್ತಿದ್ದ. "ನಿಂಗೆ ಮೊದಲೇ ಗೊತ್ತಿತ್ತಾ?"

"ಅಪ್ಪ ನೊಂದ್ಕೋತಾರೆ ಅಂತ..."

"ಬೀದಿಯೆಲ್ಲ ನನ್ನನ್ನ ಸುಳ್ಳುಗಾರ ಅಂತಿತ್ತು. ನೀನು ದಿನಾ ನನ್ನ ಕೈ ಹಿಡ್ಕೊಂಡು ಸುಮ್ಮನಿದ್ದೆ."

ಅವನು ಹೊರಟ. ಅವಳು ಹಿಂದೆಯೇ ಓಡಿದಳು. "ನಿನ್ನನ್ನ ಪ್ರೀತಿಸ್ತೀನಿ ಕಣೋ!" ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನಾನೂ," ಎಂದ ರಮ್ಜಿ. ಕಣ್ಣು ತುಂಬಿತ್ತು. "ಆದ್ರೆ ನಾಳೆ ಯಾರಾದ್ರೂ ನನ್ನ ಮೇಲೆ ಗೂಬೆ ಕೂರಿಸಿದ್ರೆ ನೀನು ಯಾರ ಕಡೆ ನಿಲ್ತೀಯ ಅಂತ ಈಗ ಗೊತ್ತಾಯ್ತಲ್ಲ, ಶಹಿಂದಾ."

ಅವನು ಸಾಮಾನು ಕಟ್ಟಲು ಮೆಟ್ಟಿಲು ಹತ್ತಿ ಹೋದ.