ಯಾವುದು ಧೂಳು, ಯಾವುದು ಗೂಬೆ

ಸಕೀನಾ ಉಸಿರು ಬಿಗಿಹಿಡಿದು ಬ್ರಶ್ಶಿನ ತುದಿಯನ್ನು ಮದುಮಗನ ಕರಿ ಕೋಟಿನ ಹತ್ತಿರ ತಂದಳು. ಅಲ್ಲಿ ಎಳ್ಳಿಗಿಂತ ಸಣ್ಣದಾದ ಬಿಳಿ ಚುಕ್ಕಿಯೊಂದಿತ್ತು. ಶಾಯಿ ಮುಟ್ಟಿಸಿದಳು. ಚುಕ್ಕಿ ಮಾಯವಾಯಿತು. ಆ ಫೋಟೋ ಪಕ್ಕಕ್ಕಿಟ್ಟು ಇನ್ನೊಂದನ್ನು ಎಳೆದುಕೊಂಡಳು.

ಈ ಕೆಲಸ ಮಾಡುವಾಗ ಮಾತಾಡುವ ಹಾಗಿಲ್ಲ. ಮಾತಾಡಿದರೆ ಕೈ ಅಲುಗುತ್ತದೆ. ಗಾಂಧಿ ಚೌಕದ ಆ ಮಹಡಿ ಮೇಲಿನ ಸ್ಟುಡಿಯೋದಲ್ಲಿ, ಕೆಳಗಿನ ಟಾಂಗಾಗಳ ಸಪ್ಪಳ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಅವಳ ಅಬ್ಬಾ ಹಸನಸಾಬರು ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿದ್ದರು.

ಬಿಜಾಪುರದ ಧೂಳು ಬಾಗಿಲು ಹಾಕಿದರೂ ಒಳಗೆ ಬರುತ್ತದೆ. ಫೋಟೋದ ಅಚ್ಚು ತೆಗೆಯುವ ಗಾಜಿನ ಪ್ಲೇಟಿನ ಮೇಲೆ ಕೂರುತ್ತದೆ. ಆಮೇಲೆ ಫೋಟೋದಲ್ಲಿ ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಆ ಚುಕ್ಕಿಗಳನ್ನು ಶಾಯಿಯಿಂದ ತುಂಬುವುದಕ್ಕೆ ಅಬ್ಬಾ ‘ಟಚಿಂಗ್’ ಎನ್ನುತ್ತಿದ್ದರು. ಸಕೀನಾ ಐದನೆಯ ಇಯತ್ತೆಗೆ ಬಂದ ಮೇಲೆ ಆ ಬ್ರಶ್ ಅವಳ ಕೈಗೆ ಬಂದಿತ್ತು. ಅದಕ್ಕೂ ಮೊದಲು ಫೋಟೋಗಳನ್ನು ನೀರಿನಲ್ಲಿ ಅದ್ದಿ ತೆಗೆದು ದಾರಕ್ಕೆ ನೇತುಹಾಕುವುದಷ್ಟೇ ಅವಳ ಕೆಲಸ.

ಬ್ರಶ್ ಕೊಡುವಾಗಲೇ ಅಬ್ಬಾ ಹೇಳಿದ್ದರು, “ಒಂದು ಫೋಟೋ ಕೆಡಿಸಿದಿ ಅಂದ್ರ ಮತ್ತ ತೊಳಿಯೂ ಕೆಲಸಾನ ನಿನಗ.”

ಇವತ್ತಿನವರೆಗೆ ಒಂದೂ ಕೆಟ್ಟಿರಲಿಲ್ಲ.

ಬಬಲೇಶ್ವರದ ಮದುವೆಯ ಫೋಟೋಗಳು ಮುಗಿದವು. ಅವುಗಳ ಕೆಳಗೆ ಒಂದು ದೊಡ್ಡ ಫೋಟೋ ಇತ್ತು. ಅದರ ತುಂಬ ಗೂಬೆಯ ಮುಖ.

ಅದನ್ನು ತೆಗೆಯಲು ಅಬ್ಬಾ ಹೋದ ವಾರ ತಿಕೋಟಾಕ್ಕೆ ಹೋಗಿದ್ದರು. ಅಲ್ಲಿನ ಶಾಲೆಯ ಹಿಂದೆ ಬೇವಿನ ಮರವಿದೆ. ಮರದ ಪೊಟರೆಯಲ್ಲಿ ಸಣ್ಣ ಗೂಬೆಯೊಂದು ಇರುತ್ತದೆ. ಹುಡುಗರು ಅದಕ್ಕೆ ಕಲ್ಲು ಒಗೆಯುತ್ತಾರೆ. ಅದರ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಒಗೆಯುವುದನ್ನು ಬಿಟ್ಟಾರು ಎಂದು ಅಲ್ಲಿನ ಯಲಗೂರಪ್ಪ ಮಾಸ್ತರರು ತರಗತಿಯ ಗೋಡೆಗೆ ಈ ಫೋಟೋ ಕೇಳಿದ್ದರು. ಸಕೀನಾ ತಾನೂ ಬರುತ್ತೇನೆಂದು ಹಟ ಮಾಡಿದ್ದಳು. “ಅಲ್ಲಿ ನಿಂದೇನ ಕೆಲಸ?” ಎಂದು ಅಬ್ಬಾ ಒಬ್ಬರೇ ಬಸ್ ಹತ್ತಿದ್ದರು.

ಗೂಬೆ ಕಣ್ಣರಳಿಸಿ ನೋಡುತ್ತಿತ್ತು, ಡಬ್ಬಿಯೊಳಗಿನ ಬೆಲ್ಲ ತಿಂದವರು ಯಾರು ಎಂದು ಅಮ್ಮಾ ಕೇಳುವಾಗ ನೋಡುವ ಹಾಗೆ. ಆದರೆ ಅದರ ತಲೆಯ ತುಂಬ ಬಿಳಿ ಚುಕ್ಕಿ. ಹೆಗಲ ಮೇಲೂ ಚುಕ್ಕಿ. ತಿಕೋಟಾ ರಸ್ತೆಯ ಧೂಳೆಲ್ಲ ಈ ಒಂದು ಪ್ಲೇಟಿಗೇ ಮೆತ್ತಿಕೊಂಡಂತಿತ್ತು.

‘ನನ್ನ ಕರಕೊಂಡು ಹೋಗಿದ್ರ ಪ್ಲೇಟ್ ಮುಚ್ಚಿ ಹಿಡೀತಿದ್ದೆ’ ಎಂದುಕೊಂಡು ಸಕೀನಾ ಬ್ರಶ್ ಎತ್ತಿದಳು.

ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳುವ ಹೊತ್ತಿಗೆ ತಲೆ, ಹುಬ್ಬು, ಹೆಗಲು ಎಲ್ಲ ಸ್ವಚ್ಛವಾಗಿದ್ದವು. ಕುತ್ತಿಗೆ ನೋಯುತ್ತಿತ್ತು. ಆದರೂ ಅವಳು ಆ ಫೋಟೋವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ಇಷ್ಟು ನುಣುಪಾದ ಟಚಿಂಗ್ ಅವಳು ಹಿಂದೆ ಮಾಡಿಯೇ ಇರಲಿಲ್ಲ.

ಅಷ್ಟರಲ್ಲಿ ಏದುಸಿರು ಬಿಡುತ್ತ ಯಲಗೂರಪ್ಪ ಮಾಸ್ತರರು ಮೆಟ್ಟಿಲು ಹತ್ತಿ ಬಂದರು.

“ಆಗೇತೇನ್ರಿ ಹಸನಸಾಬ್ರ? ನಾಳಿ ಸಾಲಿ ಗಂಟಿ ಹೊಡಿಯೂದ್ರಾಗ ಗ್ವಾಡಿಗೆ ಹಾಕಬೇಕು ನೋಡ್ರಿ.”

ಅಬ್ಬಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಸಕೀನಾ ಫೋಟೋವನ್ನು ಮುಂದೆ ಸರಿಸಿದಳು. ಮಾಸ್ತರರು ಚಾಳೀಸನ್ನು ಮೂಗಿಗೇರಿಸಿಕೊಂಡು ನೋಡಿದರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಯಾರ್ರಿ ಇವರು?”

“ನಿಮ್ಮ ಗೂಬಿ ಅಲ್ಲೇನ್ರಿ…” ಎನ್ನುತ್ತ ಬಗ್ಗಿದ ಅಬ್ಬಾ ಫೋಟೋವನ್ನು ಎತ್ತಿ ಬೆಳಕಿಗೆ ಹಿಡಿದರು.

“ನಮ್ಮ ಗೂಬಿ ತಲಿ ಮ್ಯಾಲ ಜ್ವಾಳದ ನುಚ್ಚು ಚೆಲ್ಲಿದಂಗ ಬಿಳಿ ಚುಕ್ಕಿ ಇರತಾವ. ಇವರನ್ನ ನೋಡಿದ್ರ ಎಣ್ಣಿ ಹಚ್ಚಿ ತಲಿ ಬಾಚಿಕೊಂಡು ಬೀಗರ ಮನಿಗಿ ಹೊಂಟಂಗ ಕಾಣತೈತಿ.”

ಸಕೀನಾಳ ಕಿವಿ ಬಿಸಿಯಾದವು.

“ಬೆಳಕು ಏನರ ಹೆಚ್ಚುಕಡಿಮಿ ಆಗಿರಬೇಕ್ರಿ,” ಎಂದರು ಅಬ್ಬಾ. ಹಾಗೆ ಹೇಳುವಾಗ ಅವರು ಸಕೀನಾಳ ಕಡೆ ನೋಡಲಿಲ್ಲ. ಅವಳು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಬೆಳಕಲ್ರಿ, ನಾನು,” ಎಂದಳು ಸಕೀನಾ. “ಧೂಳ ಅನಕೊಂಡು ತುಂಬೀನ್ರಿ.”

“ಎಲ್ಲಾನೂ?”

“ಎಲ್ಲಾನೂ. ಹೆಗಲ ಮ್ಯಾಲಿನವೂ.”

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಬ್ಬಾ ನಗಲಿಲ್ಲ. ಅವಳ ಕೈಯಿಂದ ಬ್ರಶ್ ತೆಗೆದುಕೊಂಡು ತೊಳೆದು, ತಮ್ಮ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಸಕೀನಾ ಆ ಕಿಸೆಯನ್ನೇ ನೋಡುತ್ತ ನಿಂತಳು.

“ಪ್ಲೇಟ್ ಐತಿ. ಅದರಿಂದ ಇನ್ನೊಂದು ಫೋಟೋ ತಗದು ಕೊಡತೀನಿ, ಕುಂದರ್ರಿ,” ಎಂದು ಅಬ್ಬಾ ಕತ್ತಲೆ ಕೋಣೆಗೆ ಹೋದರು. ಹೊಸ ಫೋಟೋ ಹೊರಗೆ ಬಂದಾಗ ಸಕೀನಾ ಯಾರೂ ಹೇಳದೆಯೇ ಅದನ್ನು ತೊಳೆದಳು. ಕಿಟಕಿಯ ಬಿಸಿಲಿಗೆ ಒಣಹಾಕಿದಳು.

ಅದು ಒಣಗಿದ ಮೇಲೆ ಮೂವರೂ ಬಗ್ಗಿ ನೋಡಿದರು. ಮತ್ತೆ ಮೈತುಂಬ ಚುಕ್ಕಿ.

“ಪ್ಲೇಟ್ ಒಣಗೂ ಮುಂದ ಗಾಳಿ ಬಿಟ್ಟಿತ್ತು. ಖರೇ ಧೂಳೂ ಇದರಾಗ ಅಂಟಿಕೊಂಡೈತಿ, ಒರಸಿದರ ಹೋಗೂದಿಲ್ಲ,” ಎಂದು ಅಬ್ಬಾ ಬೆರಳಿಟ್ಟು ತೋರಿಸಿದರು. “ಇದು ಗೂಬಿದು. ಇದು ಧೂಳ. ಇದು… ಇದು ಯಾರದು?”

“ನೀವ ಎದುರಿಗೆ ನಿಂತು ಫೋಟೋ ತಗದೀರಿ. ನಿಮಗ ಗೊತ್ತಿಲ್ಲೇನ್ರಿ?”

“ನಾ ಎಲ್ಲಿ ನೋಡೀನ್ರಿ ಮಾಸ್ತರ? ಕರಿ ಬಟ್ಟಿಯೊಳಗ ತಲಿ ಹಾಕಿದ್ದೆ. ಕ್ಯಾಮರಾದ ಗಾಜಿನ್ಯಾಗ ಎಲ್ಲಾ ತಲಿಕೆಳಗ ಕಾಣತೈತಿ. ಗೂಬಿ ಬಾವಲಿ ಹಂಗ ಜೋತುಬಿದ್ದಿತ್ತು. ನೀವು ದಿನಾ ನೋಡತೀರಿ, ನೀವ ಹೇಳ್ರಿ.”

“ನಾ ನೋಡೂದು ಹುಡುಗರನ್ನ ಬೆನ್ನಟ್ಟಿ ಓಡೂ ಮುಂದ.”

ಇಬ್ಬರೂ ಮತ್ತೆ ಫೋಟೋದ ಮೇಲೆ ಬಗ್ಗಿದರು.

“ಹಂಗಾದ್ರ ಗೂಬಿ ಕಡೆ ಹೋಗಿ ನೋಡಬೇಕು,” ಎಂದಳು ಸಕೀನಾ, ಬಹಳ ಮೆಲ್ಲಗೆ.

ಅಬ್ಬಾ ಅವಳ ಕಡೆ ತಿರುಗಿದರು. ಬೈಯುತ್ತಾರೆಂದು ಅವಳು ತಲೆ ತಗ್ಗಿಸಿದಳು.

“ಚಪ್ಪಲಿ ಹಾಕ್ಕೊ,” ಎಂದರು ಅಬ್ಬಾ.

ಮಾಸ್ತರರ ಜೊತೆ ಬಸ್ಸಿನಲ್ಲಿ ತಿಕೋಟಾ ತಲುಪಿದಾಗ, ಭಾನುವಾರವಾದ್ದರಿಂದ ಶಾಲೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ಬೇವಿನ ಮರದ ಕೆಳಗೆ ಎತ್ತಿಲ್ಲದ ಚಕ್ಕಡಿಯೊಂದು ನಿಂತಿತ್ತು. ಅಬ್ಬಾ ಸಕೀನಾಳನ್ನು ಎತ್ತಿ ಅದರ ಮೇಲೆ ಕೂಡಿಸಿ, ಹೊಸ ಫೋಟೋವನ್ನು ಅವಳ ತೊಡೆಯ ಮೇಲಿಟ್ಟರು. ಪೊಟರೆ ಈಗ ಅವಳ ಮುಖದ ಎದುರಿಗೇ ಇತ್ತು.

ಪೊಟರೆಯ ಬಾಯಲ್ಲಿ, ಇಳಿಬಿಸಿಲಿಗೆ ಮುಖ ಕೊಟ್ಟು ಗೂಬೆ ಕುಳಿತಿತ್ತು. ಎಷ್ಟು ಸಣ್ಣದು! ಫೋಟೋದಲ್ಲಿ ಅಷ್ಟು ದೊಡ್ಡದಾಗಿದ್ದದ್ದು ಇಲ್ಲಿ ಅಬ್ಬಾನ ಚಹಾದ ಲೋಟದಷ್ಟಿತ್ತು. ಅವಳನ್ನು ಕಂಡು ಅದು ತಲೆಯನ್ನು ಮೇಲೆ ಕೆಳಗೆ ಮಾಡಿತು.

ಅಬ್ಬಾ ಕಿಸೆಯಿಂದ ಬ್ರಶ್ ತೆಗೆದು ಶಾಯಿಯ ಜೊತೆಗೆ ಮೇಲೆ ಚಾಚಿದರು. ಸಕೀನಾ ಕೂಡಲೇ ಕೈ ಚಾಚಲಿಲ್ಲ.

“ಮತ್ತ ಕೆಟ್ರ?”

“ಕೆಟ್ರ ಮಾಸ್ತರ ಆ ಬೀಗರ ಮನಿ ಗೂಬಿನ್ನ ಗ್ವಾಡಿಗೆ ಹಾಕತಾರ. ತಗೋ.”

ಅವಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಬ್ರಶ್ ತೆಗೆದುಕೊಂಡಳು. ಆದರೆ ಶಾಯಿಗೆ ಅದ್ದಲಿಲ್ಲ. ಬಹಳ ಹೊತ್ತು ಬರೀ ನೋಡಿದಳು.

ಗೂಬೆಯ ಚುಕ್ಕಿಗಳು ಗರಿಗಳ ಮೇಲೆ ಕುಳಿತಿದ್ದವು. ತಲೆಯ ಮೇಲೆ ಸಣ್ಣವು, ಹೆಗಲ ಮೇಲೆ ದೊಡ್ಡವು. ಗೂಬೆ ಮೈ ಉಬ್ಬಿಸಿದರೆ ಅವೂ ಜೊತೆಗೆ ಹರಡಿಕೊಳ್ಳುತ್ತಿದ್ದವು, ಮೈ ಇಳಿಸಿದರೆ ಒಟ್ಟಿಗೆ ಸೇರುತ್ತಿದ್ದವು. ಫೋಟೋದಲ್ಲಿನ ಧೂಳಿಗೆ ಇದೇನೂ ತಿಳಿದಿರಲಿಲ್ಲ. ಅದು ಕೊಕ್ಕಿನ ಮೇಲೂ ಬಿದ್ದಿತ್ತು, ಮರದ ತೊಗಟೆಯ ಮೇಲೂ ಬಿದ್ದಿತ್ತು.

ಕೊಕ್ಕಿನ ಮೇಲಿನದನ್ನು ತುಂಬಿದಳು. ಪೊಟರೆಯ ಕತ್ತಲಲ್ಲಿ ಇದ್ದುದನ್ನು ತುಂಬಿದಳು. ಹಣೆಯ ಹತ್ತಿರ ಹೋದ ಕೈಯನ್ನು ಹಾಗೆಯೇ ಹಿಂದಕ್ಕೆ ತಂದಳು.

ಕೊನೆಗೆ ಒಂದೇ ಒಂದು ಚುಕ್ಕಿ ಉಳಿಯಿತು, ಎಡಗಣ್ಣಿನ ಪಕ್ಕದ್ದು. ಅಷ್ಟರಲ್ಲಿ ಗೂಬೆ ಕುಳಿತಲ್ಲೇ ಕುತ್ತಿಗೆಯನ್ನು ಪೂರಾ ಹಿಂದಕ್ಕೆ ತಿರುಗಿಸಿತು. ಈಗ ಕಾಣುತ್ತಿದ್ದದ್ದು ಅದರ ಹಿಂದಲೆ ಮಾತ್ರ.

“ಬಸ್ಸಿನ ಹೊತ್ತಾತು ಸಕೀನಾ,” ಎಂದರು ಅಬ್ಬಾ ಕೆಳಗಿನಿಂದ. “ಒಂದ ಅಲ್ಲೇನು ಉಳಿದದ್ದು? ತುಂಬಿಬಿಡು.”

ಸಕೀನಾ ತಲೆ ಅಲ್ಲಾಡಿಸಿದಳು.

“ಇನ್ನಾ ನೋಡಿಲ್ರಿ.”

ಬ್ರಶ್ಶನ್ನು ಮೇಲೆತ್ತಿ ಹಿಡಿದು ಅವಳು ಪೊಟರೆಯ ಕಡೆ ಸ್ವಲ್ಪ ಬಾಗಿದಳು. ಮನೆಗೆ ಬಂದ ಹಿರಿಯರನ್ನು ಮಾತಾಡಿಸುವ ಹಾಗೆ ಮೆಲ್ಲಗೆ ಕೇಳಿದಳು:

“ಒಂದೀಟು ಈ ಕಡೆ ಮಾರಿ ಮಾಡ್ರಿ.”