ನೂರು ಪದಗಳ ಕೊರತೆ

"ಕೈ ತೆಗೀರಿ."

ಅವಳಿಗೆ ಅರ್ಥವಾಗುವಷ್ಟರಲ್ಲಿ ದರ್ಜಿಯ ಮಗನೇ ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದ್ದ. ಮೇಜಿನ ಮೇಲೆ ಅವಳ ಬೆರಳಿದ್ದ ಜಾಗದಲ್ಲೇ ಅವನ ತಂದೆಯ ದೊಡ್ಡ ಕತ್ತರಿ ಕರಕರನೆ ಹಾದುಹೋಯಿತು.

ಹಿರಿಯ ದರ್ಜಿ ತಲೆಯೆತ್ತಲಿಲ್ಲ. ಅಲ್ಲೊಂದು ಕೈ ಇತ್ತೆಂಬುದೇ ಅವರಿಗೆ ತಿಳಿದಿರಲಿಲ್ಲ.

"ನಾನು ಲೇಖನ ಬರೆಯೋಳು, ಯಜಮಾನ್ರೇ. ಇಂಟರ್ನೆಟ್ ಪತ್ರಿಕೆಗೆ ನಿಮ್ಮ ಕಸುಬಿನ ಬಗ್ಗೆ ಬರೀಬೇಕು."

"ಓ, ಬರವಣಿಗೆಯಮ್ಮ! ಲೋ ಕುಂಭಕರ್ಣ, ಕುರ್ಚಿ ಎಳಿಯೋ." ಮುದುಕರು ನಕ್ಕರು. "ಇವನ ಬಗ್ಗೆನೂ ಬರಿಯಮ್ಮ. ಸೂರ್ಯ ನೆತ್ತಿಗೆ ಬಂದ್ಮೇಲೆ ಅಂಗಡಿಗೆ ಬರೋ ದರ್ಜಿ ಲೋಕದಲ್ಲಿ ಇವನೊಬ್ಬನೇ."

ಮಗ ಕುರ್ಚಿ ಎಳೆದ. ಅವಳ ಮಣಿಕಟ್ಟಿನಲ್ಲಿ ಅವನ ಬೆರಳಿನ ಬಿಸಿ ಇನ್ನೂ ಉಳಿದಿತ್ತು...

ಒಂದು ಭೇಟಿಗೆ ಮುಗಿಯಬೇಕಾದ ಕೆಲಸಕ್ಕೆ ಅವಳು ಮತ್ತೆ ಮತ್ತೆ ಬಂದಳು. ಗುಂಡಿಗೆ ಕಾಜಾ ಹೇಗೆ ಹಾಕುತ್ತೀರಿ ಎಂದು ಒಮ್ಮೆ, ಕಾಲರ್ ಹೇಗೆ ಕೂರಿಸುತ್ತೀರಿ ಎಂದು ಇನ್ನೊಮ್ಮೆ. ಕೇಳುವುದೆಲ್ಲ ಮುಗಿದ ಮೇಲೂ ಕುಪ್ಪಸದ ಬಿಗಿ ಹೊಲಿಗೆ ಸಡಿಲಿಸಬೇಕೆಂಬ ನೆಪ ಉಳಿದಿತ್ತು.

"ನಿಮಗೆ ಬಟ್ಟೆ ಕಡಿಮೆ ಬಿದ್ರೆ ಏನ್ಮಾಡ್ತೀರಿ?" ಎಂದು ಕೇಳಿದಳು ಒಂದು ಸಂಜೆ.

"ತುಂಡು ಸೇರಿಸ್ತೀವಿ. ನಿಮಗೆ ಪದ ಕಡಿಮೆ ಬಿದ್ರೆ?"

"ನಾವೂ ಅಷ್ಟೇ."

ಇಬ್ಬರೂ ನಕ್ಕರು. ತಂದೆ ಆಗಲೇ ಮನೆಗೆ ಹೋಗಿದ್ದರು. ಅವರು ಆ ದಿನ ಹೊಲಿದಿಟ್ಟ ಅಂಗಿಯನ್ನು ಮಗ ಕೈಗೆತ್ತಿಕೊಂಡು, ತೋಳಿನ ಹೊಲಿಗೆಯನ್ನು ಮೆಲ್ಲಗೆ ಬಿಚ್ಚತೊಡಗಿದ.

"ಅದ್ಯಾಕೆ ಬಿಚ್ತಿದ್ದೀರಿ?"

ಅವನು ದಾರ ಎಳೆಯುತ್ತಲೇ ಹೇಳಿದ. "ಅಪ್ಪನಿಗೆ ಕಣ್ಣು ಮಂಜಾಗಿದೆ. ಹೊಲಿಗೆ ಸೊಟ್ಟ ಓಡ್ತಿದೆ. ರಾತ್ರಿ ಕೂತು ಎಲ್ಲಾ ಮತ್ತೆ ಹೊಲಿತೀನಿ. ಅವರಿಗೆ ಗೊತ್ತಿಲ್ಲ... ಗೊತ್ತಾಗೋದೂ ಬೇಡ. ನಿಮ್ಮ ಹತ್ರ ಮಾತ್ರ ಹೇಳ್ತಿದ್ದೀನಿ."

ಅವನು ಬೆಳಿಗ್ಗೆ ತಡವಾಗಿ ಏಳುವುದೇಕೆಂದು ಅವಳಿಗೆ ಆಗ ತಿಳಿಯಿತು. ಇಂಥವನನ್ನು ದೇವರು ನನ್ನ ದಾರಿಯಲ್ಲಿ ತಂದಿಟ್ಟನಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದಳು.

ಆದರೆ ದೇವರು ಕೊಟ್ಟದ್ದನ್ನು ಇಟ್ಟುಕೊಳ್ಳುವ ಜಾಣ್ಮೆ ಎಲ್ಲರಿಗೂ ಇರುತ್ತದೆಯೇ?

ಪತ್ರಿಕೆಗೆ ಬೇಕಿದ್ದದ್ದು ಎಂಟುನೂರು ಪದ. ಒಂದು ಕಡಿಮೆಯಾದರೂ ಲೇಖನ ವಾಪಸ್. ಅವಳದು ಆರುನೂರಕ್ಕೇ ಉಸಿರು ಬಿಟ್ಟಿತು. "ಹೊಲಿದರು" ಎಂದಿದ್ದಲ್ಲೆಲ್ಲ "ಹೊಲಿಯುವ ಕಾರ್ಯದಲ್ಲಿ ತೊಡಗಿದರು" ಎಂದು ಬರೆದಳು. "ಹಳೆಯ" ಎಂಬುದರ ಪಕ್ಕ "ಪುರಾತನ" ಎಂಬುದನ್ನೂ ಕೂರಿಸಿದಳು. ಎಷ್ಟು ಹಿಗ್ಗಿಸಿದರೂ ಇನ್ನೂ ನೂರು ಚಿಲ್ಲರೆ ಪದ ಕಡಿಮೆ. ಕಳಿಸುವ ಗಡುವು ಅಂದೇ ಮಧ್ಯಾಹ್ನ.

ಹೆಸರು ಹಾಕುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ? ಅಂಥ ಮಗನನ್ನು ಹೊಗಳಿದರೆ ತಪ್ಪೇನು?

ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು, ಅವನು ರಾತ್ರಿ ಕೂತು ಬಿಚ್ಚಿ ಹೊಲಿಯುವ ಕಥೆಯನ್ನು ಬರೆದುಬಿಟ್ಟಳು. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಕೆಂಪಗಿದ್ದ ಪದಗಳ ಎಣಿಕೆ ಹಸಿರಾಯಿತು.

ಹೆಸರಿರಲಿಲ್ಲ, ನಿಜ. ಆದರೆ ಅಂಗಡಿಯ ಚಿತ್ರವಿತ್ತು.

ಲೇಖನ ಬಂದ ಮರುದಿನ ಅವಳು ಹಿಗ್ಗಿನಿಂದ ಅಂಗಡಿಗೆ ಹೋದಾಗ ಹಿರಿಯರ ಕುರ್ಚಿ ಖಾಲಿಯಿತ್ತು. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಿತ್ತು.

"ಹಳೇ ಗಿರಾಕಿ ಒಬ್ಬರು ಖುಷಿಯಿಂದ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದ್ರು," ಎಂದ ಮಗ. "ಅಪ್ಪ ಪೂರ್ತಿ ಕೇಳಿದ್ರು. ಎದ್ದು ಮನೆಗೆ ಹೋದ್ರು. ಒಂದು ಮಾತು ಆಡಿಲ್ಲ."

ಅವಳು ಖಾಲಿ ಕುರ್ಚಿಯತ್ತ ನೋಡಿದಳು.

"ಎಷ್ಟು ಪದ ಕಡಿಮೆ ಬಿದ್ದಿತ್ತು?"

"ನೂರು... ಚಿಲ್ಲರೆ."

"ತುಂಡು ಸೇರಿಸೋದು ತಪ್ಪಲ್ಲ," ಎಂದ ಅವನು, ಅವಳ ಮುಖ ನೋಡದೆ. "ಬೇರೆಯವರ ಮೈಮೇಲಿನ ಬಟ್ಟೆ ಕತ್ತರಿಸಿ ಸೇರಿಸಬಾರದಿತ್ತು. ನೀವಿನ್ನು ಬರಬೇಡಿ."

ಅವಳು ಬೀದಿಯಲ್ಲೇ ನಿಂತು ಸಂಪಾದಕಿಗೆ ಫೋನ್ ಮಾಡಿದಳು.

"ಆ ಪ್ಯಾರಾ ತೆಗೆದ್ರೆ ಪದ ಸಾಲಲ್ಲಮ್ಮ. ಲೇಖನವನ್ನೇ ತೆಗೀಬೇಕಾಗುತ್ತೆ. ಮುಂದೆ ನಿನಗೆ ಕೆಲಸ ಕೊಡೋದೂ ಕಷ್ಟ. ಯೋಚನೆ ಮಾಡು."

"ಮಾಡಿ ಆಯ್ತು, ಮೇಡಂ. ತೆಗೆದುಬಿಡಿ."

ಲೇಖನ ಹೋಯಿತು. ಮುದುಕರ ಕಿವಿಗೆ ಬಿದ್ದ ಮಾತನ್ನು ಯಾರು ತೆಗೆಯಬೇಕು?

ಮರುದಿನ ಅವಳು ಅವರ ಮನೆಗೆ ಹೋದಳು. ಹಿರಿಯರು ಬಾಗಿಲ ಮೆಟ್ಟಿಲ ಮೇಲೆ, ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದರು. ಕೆಲಸವಿಲ್ಲದ ಆ ಕೈಗಳನ್ನು ನೋಡಿ ಅವಳು ಬಿಕ್ಕಿದಳು.

"ಯಾರು? ಬರವಣಿಗೆಯಮ್ಮನಾ? ಯಾಕಮ್ಮ ಅಳ್ತೀಯ? ನೀನು ಬರೆದದ್ದು ಸುಳ್ಳಾ?"

"ಸುಳ್ಳಲ್ಲ, ಯಜಮಾನ್ರೇ. ಆದ್ರೆ ಅದು ನಾನು ಹೇಳೋ ಮಾತಾಗಿರಲಿಲ್ಲ. ಅವರು ನನ್ನ ನಂಬಿ ಹೇಳಿದ್ರು. ನಾನು ಜಾಗ ತುಂಬಿಸೋಕೆ ಬಳಸಿಕೊಂಡೆ."

ಹಿರಿಯರು ತಮ್ಮಷ್ಟಕ್ಕೇ ಆಡಿಕೊಳ್ಳುವವರಂತೆ ಹೇಳಿದರು.

"ನೋವಾಯ್ತು, ಇಲ್ಲ ಅನ್ನಲ್ಲ. ಕಣ್ಣು ಹೋಯ್ತು ಅಂತಲ್ಲಮ್ಮ. ನಾಲ್ಕು ಜನರ ಎದುರು ಅವನನ್ನ ಕುಂಭಕರ್ಣ ಕುಂಭಕರ್ಣ ಅಂತ ಆಡಿಕೊಂಡೆನಲ್ಲ... ನನ್ನ ಕೆಲಸ ಮಾಡಿ ಮಾಡಿ ನಿದ್ದೆಗೆಟ್ಟವನನ್ನ. ಯಾವ ಮುಖ ಇಟ್ಕೊಂಡು ಅಂಗಡಿಗೆ ಹೋಗ್ಲಿ?"

ಅವಳು ಅವರ ಪಕ್ಕದಲ್ಲೇ ಕೂತಳು. ಅವರ ಎರಡೂ ಕೈ ಹಿಡಿದುಕೊಂಡಳು.

"ನನಗೂ ಹೋಗೋ ಮುಖ ಇಲ್ಲ, ಯಜಮಾನ್ರೇ. ಇಬ್ಬರೂ ಒಟ್ಟಿಗೆ ಹೋಗೋಣ್ವಾ?"

ಸಂಜೆ ಅಂಗಡಿಯ ಬಾಗಿಲಲ್ಲಿ ಅವಳ ಹೆಗಲು ಹಿಡಿದು ನಿಂತ ತಂದೆಯನ್ನು ಕಂಡು ಮಗ ಯಂತ್ರ ನಿಲ್ಲಿಸಿ ಎದ್ದ. ಹಿರಿಯರು ತಡವರಿಸುತ್ತ ತಮ್ಮ ಕುರ್ಚಿಗೆ ಬಂದು ಕೂತರು. ಸುತ್ತಿಟ್ಟ ಕತ್ತರಿಯನ್ನು ಒಮ್ಮೆ ಸವರಿ ಮಗನತ್ತ ಸರಿಸಿದರು. ಆಮೇಲೆ ಅದನ್ನು ಅವರು ಎಂದೂ ಕೈಗೆತ್ತಿಕೊಳ್ಳಲಿಲ್ಲ.

ಅವಳು ಹೊಸ್ತಿಲಾಚೆಯೇ ನಿಂತಿದ್ದಳು.

"ಲೇಖನ ಕಾಣಿಸ್ತಿಲ್ಲ," ಎಂದ ಅವನು.

"ತೆಗೆಸಿದೆ. ಆದ್ರೂ ಆದದ್ದು ಆಗಿಹೋಯ್ತು... ಜೀವ ಇರೋವರೆಗೂ ಇದು ನನ್ನನ್ನ ಚುಚ್ಚುತ್ತೆ."

"ನನ್ನನ್ನೂ. ಅಪ್ಪನಿಗೆ ನಾನೇ ಮೊದಲು ಹೇಳಬೇಕಿತ್ತು." ಅವನು ಹೊಸ್ತಿಲವರೆಗೆ ಬಂದ. "ಬರಬೇಡಿ ಅಂದವನು ನಾನು. ಆದ್ರೆ ನಿನ್ನೆಯಿಂದ ಬಾಗಿಲನ್ನೇ ನೋಡ್ತಿದ್ದೀನಿ. ಏನಾದ್ರೂ ಹೇಳಿ."

ಹೇಳಲು ಅವಳ ಬಳಿ ಸಾವಿರ ಪದಗಳಿದ್ದವು. ಹಿಗ್ಗಿಸಿ ಹೇಳುವುದು ಅವಳಿಗೆ ಕರತಲಾಮಲಕ. ಆದರೆ ಬಾಯಿಗೆ ಬಂದದ್ದು ಒಂದೇ.

"ಇರ್ತೀನಿ."

ಅವನು ಕೊರಳಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತ. ಆಗ ಮೂಲೆಯಿಂದ ಹಿರಿಯರ ದನಿ ಬಂತು. ಅದರಲ್ಲಿ ಹಳೆಯ ಸಲುಗೆಯಿತ್ತು.

"ಲೋ ಕುಂಭಕರ್ಣ, ಹುಡುಗಿ ಹೇಳಿದ್ದು ಕೇಳಿಸ್ತೇನೋ? ಕುರ್ಚಿ ಎಳಿ."

ಅವನು ಅವಳನ್ನೇ ನೋಡುತ್ತ ಕುರ್ಚಿ ಎಳೆದ.

"ಕೇಳಿಸ್ತಪ್ಪ."