ಮೋಡಕ್ಕಾಗಿ ಬೇಡಿಕೊಂಡವಳು

ಮೂರು ಸಲ ಬೆಳಕು ಕಾಣಲಿಲ್ಲವೆಂದು ಚೀಟಿ ಪಡೆದವನು ನಾಲ್ಕನೇ ಸಲವೂ ದೋಣಿ ಹತ್ತಿದಾಗ, ನಗಬೇಕೋ ಸಿಟ್ಟಾಗಬೇಕೋ ಸುನ್ನಿವಾಗೆ ತಿಳಿಯಲಿಲ್ಲ.

ಉತ್ತರ ಧ್ರುವಕ್ಕೆ ಹತ್ತಿರದ ಟ್ರೋಮ್ಸೋ ಬಂದರಿನ ಆ ಪ್ರವಾಸಿ ದೋಣಿಯಲ್ಲಿ ಅವಳು ಗೈಡ್. ಚಳಿಗಾಲದ ರಾತ್ರಿ ಆಕಾಶದಲ್ಲಿ ಹಸಿರಾಗಿ ಹರಡುವ ಉತ್ತರದ ಬೆಳಕು ಕಾಣದೆ ಹೋದರೆ ಚೀಟಿ ಕೊಡುತ್ತಾರೆ, ಮತ್ತೊಮ್ಮೆ ಪುಕ್ಕಟೆ ಬರಬಹುದು. ದೂರದೇಶದವರು ಹಾಗೆ ಬಂದರೆ ಸರಿ. ನಾಲ್ಕನೇ ಸಲ ಬಂದ ಈ ಐಲಿಫ್ ಪಕ್ಕದ ದ್ವೀಪದವನು, ಮಾತಿನ ಧಾಟಿಯೇ ಹೇಳುತ್ತಿತ್ತು. ಹುಟ್ಟಿದಾಗಿನಿಂದ ಆ ಬೆಳಕಿನ ಕೆಳಗೇ ಬೆಳೆದವನಿಗೆ ಟಿಕೆಟ್ ಯಾಕೆ?

"ಮಾಲೀಕರು ಕಳಿಸಿದ ಗೂಢಚಾರ ಇರ್ಬೇಕು," ಅಂದ ಮುದಿ ಕ್ಯಾಪ್ಟನ್ ತೋರ್ಗೈರ್. "ನೀನು ಕೆಲಸ ಮಾಡ್ತೀಯೋ ಇಲ್ವೋ ಅಂತ ನೋಡೋಕೆ."

"ಅವನು ನನ್ನ ಕಡೆ ನೋಡೋದೇ ಇಲ್ಲ. ಸೂಪ್ ನೋಡ್ತಾ ಕೂತಿರ್ತಾನೆ."

"ನೋಡಲ್ಲ ಅಂತ ನಿನಗೆ ಹೇಗೆ ಗೊತ್ತು? ನೀನು ನೋಡ್ತಿರ್ತೀಯಾ?"

ಸುನ್ನಿವಾ ಲೋಟ ತೊಳೆಯಲು ಹೋದಳು.

ಇದಕ್ಕಿಂತ ದೊಡ್ಡ ಪೇಚು ಅವಳದೇ ಮನಸ್ಸಿನದು. ಬೆಳಕು ಹುಡುಕಿ ತೋರಿಸುವುದು ಅವಳ ಹೊಟ್ಟೆಪಾಡು. ಆದರೂ ಇವತ್ತು ಬೆಳಗಿನಿಂದ ಮೋಡ ಕವಿಯಲಿ, ಮೋಡ ಕವಿಯಲಿ ಎಂದು ಬೇಡಿಕೊಳ್ಳುತ್ತಿದ್ದಳು. ಬೆಳಕು ಕಂಡರೆ ಅವನ ಚೀಟಿ ಮುಗಿಯಿತು, ಅವನು ಬರುವುದೂ ಮುಗಿಯಿತು. ಸೂಪ್ ಕೇಳುವುದು ಬಿಟ್ಟು ಒಂದು ಮಾತೂ ಆಡದವನಿಗಾಗಿ ಇಷ್ಟೆಲ್ಲ ಯಾಕೆ ಎಂದು ತನ್ನನ್ನೇ ಕೇಳಿಕೊಂಡು ಬೈದುಕೊಂಡಳು.

ಬೇಡಿದ್ದು ಫಲಿಸಲಿಲ್ಲ. ರಾತ್ರಿ ಏಳೂವರೆಗೆ ಬೆಟ್ಟದ ಹಿಂದಿನಿಂದ ಹಸಿರು ಬೆಳಕು ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಆಕಾಶವನ್ನೆಲ್ಲ ತುಂಬಿತು. ಎಲ್ಲರೂ ಡೆಕ್ಕಿಗೆ ಓಡಿದರು. ಐಲಿಫ್ ಒಬ್ಬನೇ ಕೆಳಗೆ, ಕಿಟಕಿಗೆ ಬೆನ್ನು ಕೊಟ್ಟು ಮೀನಿನ ಸೂಪಿನ ಮುಂದೆ ಕೂತಿದ್ದ.

"ಮೇಲೆ ಬನ್ನಿ, ಬೆಳಕು ಬಂದಿದೆ," ಅಂದಳು ಸುನ್ನಿವಾ, ಕೆಳಗಿಳಿದು ಬಂದು.

"ಸೂಪ್ ಆರಿಹೋಗುತ್ತೆ."

"ಬಟ್ಟಲು ಖಾಲಿಯಾಗಿ ಹತ್ತು ನಿಮಿಷ ಆಯ್ತು."

ಅವನ ಕಿವಿ ಕೆಂಪಾದವು. "ನಾನು ನೋಡಿಲ್ಲ ಅಂತ ಬರ್ಕೊಳ್ಳಿ."

"ಆಕಾಶ ಪೂರ್ತಿ ಹಸಿರಾಗಿದೆ, ಹಾಗೆ ಹೇಗೆ ಬರ್ಕೊಳ್ಳಲಿ? ನಿಮಗೆ ಬೇಕಾಗಿರೋದಾದ್ರೂ ಏನು?"

"ನಾಡಿದ್ದಿನ ಚೀಟಿ."

"ಬೆಳಕು ನೋಡೋಕಾ?"

ಅವನು ಖಾಲಿ ಬಟ್ಟಲಿನೊಳಗೆ ಇಣುಕಿದ. "ಅದು ನಮ್ಮಮ್ಮನ ಅಡುಗೆಮನೆ ಕಿಟಕೀಲೇ ಕಾಣುತ್ತೆ. ನೀವು ಅಲ್ಲಿ ಕಾಣಲ್ಲ."

ಸುನ್ನಿವಾಗೆ ತಲೆ ಗಿರ್ರೆಂದಿತು. ಖುಷಿಯಾಯಿತು, ಆದರೆ ನಾಲಿಗೆಗೆ ಬಂದದ್ದು ನಿಯಮ. "ಬೆಳಕು ಬಂದ ದಿನ ಚೀಟಿ ಕೊಡೋ ಹಾಗಿಲ್ಲ," ಅಂದುಬಿಟ್ಟಳು.

"ಗೊತ್ತಾಯ್ತು ಬಿಡಿ," ಎಂದು ಅವನು ಟೋಪಿ ಹಾಕಿಕೊಂಡ.

ಹಾಗಲ್ಲ ಎನ್ನಬೇಕಿತ್ತು. ಹೇಗೆ ಎಂಬುದು ತಿಳಿಯದೆ ಅವಳು ಖಾಲಿ ಬಟ್ಟಲನ್ನು ಎತ್ತಿಕೊಂಡು ಹೋದಳು. ದೋಣಿ ದಡ ಸೇರುತ್ತಲೇ ಅವನು ಹಿಂದಿರುಗಿ ನೋಡದೆ ಇಳಿದು ಹೋದ.

"ಲೋಟ ನಾನು ತೊಳೀತೀನಿ, ಓಡು ತಾಯಿ," ಅಂದ ತೋರ್ಗೈರ್.

ಸೇತುವೆ ದಾಟಿ ಅವನ ದ್ವೀಪಕ್ಕೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಅವಳ ಮನೆ ಇದ್ದದ್ದು ಇನ್ನೊಂದು ದಿಕ್ಕಿಗೆ, ಆದರೂ ಹತ್ತಿದಳು. ಐಲಿಫ್ ಕಿಟಕಿಯ ಬಳಿ ಒಬ್ಬನೇ ಕೂತಿದ್ದ.

ಆ ಊರಿನ ಬಸ್ಸುಗಳಲ್ಲಿ ಒಂದೇ ಒಂದು ಜೋಡಿ ಸೀಟು ಖಾಲಿ ಇದ್ದರೂ ಯಾರೂ ಗುರುತಿಲ್ಲದವರ ಪಕ್ಕ ಕೂರುವುದಿಲ್ಲ. ಕೂತರೆ ತಲೆ ಕೆಟ್ಟಿದೆ ಅನ್ನುತ್ತಾರೆ. ಬಸ್ಸಿನಲ್ಲಿ ನಲವತ್ತು ಸೀಟು ಖಾಲಿ ಇದ್ದವು. ಸುನ್ನಿವಾ ನೇರ ಹೋಗಿ ಅವನ ಪಕ್ಕ ಕೂತಳು. ಡ್ರೈವರು ಕನ್ನಡಿಯಲ್ಲಿ ಎರಡು ಸಲ ನೋಡಿದ.

"ಬೇಕಾದಷ್ಟು ಜಾಗ ಇದೆಯಲ್ಲ," ಅಂದ ಐಲಿಫ್, ಕಕ್ಕಾಬಿಕ್ಕಿಯಾಗಿ.

"ಗೊತ್ತು," ಅಂದಳು ಸುನ್ನಿವಾ. "ಸ್ವಲ್ಪ ಸರ್ಕೊಳ್ಳಿ."

ಅವನು ನಕ್ಕ, ಆದರೆ ಸರಿಯಲಿಲ್ಲ.